ಇಂಜಿನ್ ಕೆಟ್ಟರೆ ಡ್ರೈವರನ ಕೂಲಿಗೆ ಕತ್ತರಿ ಏಕೆ?

"ಚಾಲಕನ ಅಜಾಗರೂಕತೆಯಿಂದ ಇಂಜಿನ್ ಸೀಜ್ ಆಗಿರುತ್ತದೆ." ತೋಟದ ಆಫೀಸುಗಳಿಂದ ಹೊರಡುವ ನೋಟೀಸುಗಳಲ್ಲಿ ಈ ವಾಕ್ಯ ಮೊದಲೇ ಅಚ್ಚು ಹಾಕಿಸಿ ಇಟ್ಟಂತೆ ಬರುತ್ತದೆ. ಲಾರಿ ಯಾವ ವರ್ಷದ್ದು, ಅದರ ಆಯಿಲ್ ಕಡೆಯ ಸಲ ಬದಲಾದದ್ದು ಯಾವಾಗ, ಫಿಲ್ಟರ್ ಹಾಕಿದ್ದು ಯಾವಾಗ, ಹೊಸ ಆಯಿಲ್ ಬೇಕೆಂದು ಡ್ರೈವರ್ ಎಷ್ಟು ಸಲ ಶೆಡ್ಡಿನ ಮುಂದೆ ನಿಂತಿದ್ದ, ಇವು ಯಾವುವೂ ಆ ಕಾಗದದಲ್ಲಿ ಇರುವುದಿಲ್ಲ. ವಾಕ್ಯ ಮುಗಿದ ಮೇಲೆ ಒಂದು ಮೊತ್ತ ಇರುತ್ತದೆ. ಆ ಮೊತ್ತವನ್ನು ತಿಂಗಳು ತಿಂಗಳು ಇಷ್ಟಿಷ್ಟು ಎಂದು ಹಿಡಿದುಕೊಳ್ಳಲಾಗುವುದು ಎಂದು ಬರೆದಿರುತ್ತದೆ. ಗೂಡಲೂರು, ಕೋತಗಿರಿ, ವಯನಾಡಿನ ಕಡೆ ಇರುವ ನಮ್ಮ ಜನರಿಗೆ ಅದು ಬರುವುದು ಇಂಗ್ಲಿಷಿನಲ್ಲಿ, ಇಲ್ಲವೇ ಅವರು ಆಡಬಲ್ಲ ಆದರೆ ಓದಲಾರದ ತಮಿಳಿನಲ್ಲೋ ಮಲಯಾಳದಲ್ಲೋ.

ಈ ನೋಟೀಸು ಸುಳ್ಳು ಎಂದು ನಾವು ಹೇಳುತ್ತೇವೆ. ಪ್ರತಿ ಸಲವೂ ಸುಳ್ಳು ಎಂದಲ್ಲ. ಆದರೆ ಹಳೆಯ ಡೀಸೆಲ್ ಇಂಜಿನ್ ಒಂದು ದಿನದಲ್ಲಿ ಸಾಯುವುದಿಲ್ಲ; ತಿಂಗಳುಗಟ್ಟಲೆ ಆಯಿಲ್ ಇಲ್ಲದೆ, ಫಿಲ್ಟರ್ ಇಲ್ಲದೆ, ಧೂಳು ಕುಡಿಸಿ ಕುಡಿಸಿ ಅದನ್ನು ಕೊಲ್ಲಲಾಗುತ್ತದೆ. ಕಡೆಯ ದಿನ ಸ್ಟೀರಿಂಗ್ ಹಿಡಿದಿದ್ದವನು ಯಾರೋ, ಕೊಲೆಗಾರನ ಹೆಸರು ಅವನಿಗೆ. ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ.

ಮೊದಲು ಯಂತ್ರದ ಮೇಲೆ ಅಪವಾದ ಹೊರಿಸುವವರಿಗೆ ಒಂದು ಮಾತು. "ಹಳೇ ಗಾಡಿ, ಇನ್ನೇನು ಮಾಡುವುದು" ಎನ್ನುತ್ತಾರೆ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಕಟ್ಟಲು ತೊಡಗಿದ್ದು 1954ರಲ್ಲಿ. ಆ ಒಪ್ಪಂದ 1969ಕ್ಕೆ ಮುಗಿದ ಮೇಲೂ ಆ ಇಂಜಿನಿನ ವಂಶ ದಶಕಗಳ ಕಾಲ ನಮ್ಮ ರಸ್ತೆಗಳನ್ನು ಆಳಿತು. ಎಣ್ಣೂರಿನ ಅಶೋಕ್ ಲೇಲ್ಯಾಂಡಿನ ಇಂಜಿನುಗಳೂ ಹಾಗೆಯೇ. ಕಂಪ್ಯೂಟರ್ ಇಲ್ಲದ, ಹಳ್ಳಿಯ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ, ಒರಟು ಕೆಲಸಕ್ಕೆ ಹುಟ್ಟಿದ ಯಂತ್ರಗಳು ಅವು. ಬಯಲಿನಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ, ಕೈಬದಲಾಗಿ ತೋಟಕ್ಕೆ ಬಂದ ಮೇಲೂ ಅವು ದುಡಿಯುತ್ತವೆ. ಕೇಳುವುದು ಮೂರೇ ವಸ್ತು: ಶುದ್ಧ ಗಾಳಿ, ಶುದ್ಧ ಡೀಸೆಲ್, ಶುದ್ಧ ಆಯಿಲ್. ಮನುಷ್ಯರಾದ ನಾವು ಕೇಳುವುದಕ್ಕಿಂತ ಕಡಿಮೆಯೇ ಆಯಿತು.

ಆಯಿಲ್ ಎಂದರೆ ಕೇವಲ ಜಾರಿಕೆ ಎಂದು ತಿಳಿಯಬೇಡಿ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವೆ ಕೂದಲೆಳೆಗಿಂತ ತೆಳುವಾದ ಒಂದು ಪದರವಾಗಿ ಅದು ನಿಲ್ಲುತ್ತದೆ. ಆ ಪದರ ಇರುವವರೆಗೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಪಿಸ್ಟನ್ನಿನ ಕಾವನ್ನು ಕೆಳಗೆ ಇಳಿಸುವುದೂ ಅದೇ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಟ್ಟಿಯಾಗದಂತೆ ಕಣಕಣವಾಗಿ ಹೊತ್ತು ತಿರುಗುವುದೂ, ಆಮ್ಲವನ್ನು ಕೊಂದು ಲೋಹವನ್ನು ಉಳಿಸುವುದೂ ಅದರ ಕೆಲಸ. ಹೊರುವುದಕ್ಕೂ ಒಂದು ಮಿತಿ ಉಂಟಲ್ಲ. ಆಯಿಲಿನಲ್ಲಿ ಬೆರೆಸಿದ ಮದ್ದುಗಳು ಖರ್ಚಾಗುತ್ತವೆ, ಮಸಿ ತುಂಬುತ್ತದೆ, ಆಯಿಲ್ ದಪ್ಪಗಾಗಿ ಸಣ್ಣ ದಾರಿಗಳಲ್ಲಿ ನುಗ್ಗಲಾರದೆ ಹೋಗುತ್ತದೆ. ಅಲ್ಲಿಗೆ ಅದರ ಆಯುಸ್ಸು ಮುಗಿಯಿತು.

ಇಲ್ಲಿ ಬಣ್ಣದ ವಿಷಯ ಹೇಳಿಬಿಡಬೇಕು, ಏಕೆಂದರೆ ಬಣ್ಣದ ಮೇಲೆಯೇ ಎರಡು ಕಡೆಯಿಂದ ಮೋಸ ನಡೆಯುತ್ತದೆ. ಡೀಸೆಲ್ ಇಂಜಿನಿಗೆ ಹೊಸ ಆಯಿಲ್ ಹಾಕಿದರೆ ಕೆಲವೇ ದಿನಗಳಲ್ಲಿ ಅದು ಕಪ್ಪಾಗುತ್ತದೆ. ಮಸಿಯನ್ನು ಹೊರುತ್ತಿದೆ, ತನ್ನ ಕೆಲಸ ಮಾಡುತ್ತಿದೆ ಎಂದು ಅದರ ಅರ್ಥ. "ಹೊಸ ಆಯಿಲ್ ಆಗಲೇ ಕಪ್ಪು! ನೀನು ಮಾರಿಕೊಂಡು ಹಳೇದು ಸುರಿದಿದ್ದೀಯ" ಎಂದು ಡ್ರೈವರನನ್ನು ಕಳ್ಳನೆನ್ನುವ ಮೇಲ್ವಿಚಾರಕನಿಗೆ ಡೀಸೆಲ್ ಇಂಜಿನ್ ಗೊತ್ತಿಲ್ಲ. ಹಾಗೆಯೇ "ಎಲ್ಲ ಡೀಸೆಲ್ ಆಯಿಲೂ ಕಪ್ಪೇ, ಬೆರಳಲ್ಲಿ ಜಾರುತ್ತದಲ್ಲ, ಇನ್ನೂ ಓಡಿಸು" ಎನ್ನುವವನಿಗೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಹೇಳುತ್ತಾನೆ. ಕಪ್ಪು ಬಣ್ಣ ಕೆಟ್ಟದ್ದಕ್ಕೂ ಸಾಕ್ಷಿಯಲ್ಲ, ಒಳ್ಳೆಯದಕ್ಕೂ ಸಾಕ್ಷಿಯಲ್ಲ.

ಇನ್ನು ಆಡಳಿತದವರ ದೊಡ್ಡ ವಾದಕ್ಕೆ ಬರೋಣ. ಅದು ಕಿಲೋಮೀಟರಿನ ವಾದ. "ಕೈಪಿಡಿಯಲ್ಲಿ ಇಷ್ಟು ಸಾವಿರ ಕಿಲೋಮೀಟರಿಗೆ ಆಯಿಲ್ ಬದಲಿಸಿ ಎಂದಿದೆ; ನಮ್ಮ ಲಾರಿ ಅಷ್ಟು ಓಡಿಯೇ ಇಲ್ಲ." ಕೇಳಲು ನ್ಯಾಯವಾಗಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಹೆದ್ದಾರಿಯ ಲಾರಿ ಗಂಟೆಗೆ 45 ಕಿಲೋಮೀಟರ್ ಸರಾಸರಿ ಓಡಿತು ಎನ್ನೋಣ. 9,000 ಕಿಲೋಮೀಟರ್ ಮುಗಿಸಲು ಅದಕ್ಕೆ 200 ಗಂಟೆ ಸಾಕು. ತೋಟದ ಲಾರಿ ಒಂದನೇ ಗೇರು, ಎರಡನೇ ಗೇರಿನಲ್ಲಿ ಹತ್ತಿ ಇಳಿದು, ಗಂಟೆಗೆ 12 ಕಿಲೋಮೀಟರ್ ಹೋದರೆ ಹೆಚ್ಚು. ಅದೇ 9,000 ಕಿಲೋಮೀಟರಿಗೆ ಅದರ ಇಂಜಿನ್ 750 ಗಂಟೆ ದುಡಿದಿರುತ್ತದೆ. ಎಲೆ ತೂಕ ಹಾಕುವಾಗ, ಗೊಬ್ಬರ ಇಳಿಸುವಾಗ, ಬ್ಯಾಟರಿ ಸತ್ತಿದೆಯೆಂದು ಆರಿಸದೆ ಬಿಟ್ಟಾಗ ನಿಂತಲ್ಲೇ ಉರಿದ ಹೊತ್ತು ಇದರಲ್ಲಿ ಸೇರಿಲ್ಲ; ಚಕ್ರ ತಿರುಗದಿದ್ದರೆ ಮೀಟರ್ ಅದನ್ನು ಎಣಿಸುವುದೇ ಇಲ್ಲ. ಟ್ರ್ಯಾಕ್ಟರು ಮಾಡಿದವರು ಇದನ್ನು ಬಲ್ಲರು; ಆದ್ದರಿಂದ ಅದರಲ್ಲಿ ಗಂಟೆಯ ಮೀಟರ್ ಇಟ್ಟು, ಬಹಳ ಮಾದರಿಗಳಿಗೆ 250 ಗಂಟೆಗೊಮ್ಮೆ ಆಯಿಲ್ ಬದಲಿಸಲು ಹೇಳುತ್ತಾರೆ. ತೋಟದ ಲಾರಿಯ ಬಾಳು ಟ್ರ್ಯಾಕ್ಟರಿನ ಬಾಳು. ಅದಕ್ಕೆ ಹೆದ್ದಾರಿಯ ಲೆಕ್ಕ ಹಿಡಿಯುವುದು, ಇಡೀ ದಿನ ಬಗ್ಗಿ ಕಳೆ ಕಿತ್ತವಳಿಗೆ "ನೀನು ಎಷ್ಟು ದೂರ ನಡೆದೆ?" ಎಂದು ಕೇಳಿ ಕೂಲಿ ಕೊಟ್ಟಂತೆ. ಬಹಳ ಲಾರಿಗಳಲ್ಲಿ ಮೀಟರಿನ ಕೇಬಲ್ಲೇ ಕಡಿದುಹೋಗಿದೆ ಎಂಬುದನ್ನು ಬೇರೆ ಹೇಳಬೇಕೇ!

ಬೆಟ್ಟದ ಚಳಿಯೂ ಇದಕ್ಕೆ ಸೇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಊಟಿಯ ಸುತ್ತ ಇಬ್ಬನಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಇಂಜಿನ್ ಹತ್ತಿಸಿ ಎರಡು ಮೈಲಿ ಹೋಗಿ ಆರಿಸಿ, ಮತ್ತೆ ಹತ್ತಿಸಿ ಒಂದು ಮೈಲಿ ಹೋದರೆ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಕಾಯದ ಇಂಜಿನಿನಲ್ಲಿ ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆ ತೊಳೆದುಕೊಂಡು ಸಂಪಿಗೆ ಇಳಿಯುತ್ತದೆ. ಹಬೆ ನೀರಾಗಿ ಆಯಿಲಿನಲ್ಲಿ ಸೇರುತ್ತದೆ. ಇದರ ಮೇಲೆ ನಮ್ಮ ಮೆಕ್ಯಾನಿಕ್ ಮಹಾಶಯರ ಒಂದು ಕೆಟ್ಟ ಚಾಳಿ: ಇಂಜಿನ್ ಒಮ್ಮೆ ಬಿಸಿಯಾಯಿತೆಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. ರೇಡಿಯೇಟರ್ ತೊಳೆಯುವ ಕೆಲಸ ಉಳಿಯಿತು. ಇಂಜಿನ್ ಮಾತ್ರ ಆಮೇಲೆ ಬದುಕೆಲ್ಲ ತಣ್ಣಗೆ ಓಡಿ ಆಯಿಲನ್ನು ಕೆಡಿಸುತ್ತಿರುತ್ತದೆ.

ಮಳೆ ನಿಂತ ಮೇಲೆ ಧೂಳು. ಹಳೆಯ ಲಾರಿಗಳಲ್ಲಿ ಏರ್ ಕ್ಲೀನರಿನ ತಳದಲ್ಲಿ ಆಯಿಲ್ ತುಂಬಿದ ಬಟ್ಟಲಿರುತ್ತದೆ. ಒಳಗೆ ಹೋಗುವ ಗಾಳಿಯ ಧೂಳು ಅಲ್ಲಿ ಸಿಕ್ಕಿಬೀಳಬೇಕು. ಬೇಸಗೆಯಲ್ಲಿ ತೋಟದ ಮಣ್ಣುರಸ್ತೆಯಲ್ಲಿ ಓಡುವಾಗ ಆ ಬಟ್ಟಲನ್ನು ಮೇಲಿಂದ ಮೇಲೆ ತೊಳೆದು ಹೊಸ ಆಯಿಲ್ ಹಾಕಬೇಕಾಗುತ್ತದೆ. ಬಿಚ್ಚಿ ನೋಡಿ, ಕೆಸರಿನ ಮುದ್ದೆ ಇರುತ್ತದೆ. ಅಲ್ಲಿಂದ ತಪ್ಪಿಸಿಕೊಂಡ ಮಣ್ಣಿನ ಕಣ ರಿಂಗು, ಲೈನರುಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ, ಆಯಿಲಿನಲ್ಲಿ ಸೇರಿ ಬೇರಿಂಗಿಗೆ ಹೋಗುತ್ತದೆ. ಆಯಿಲ್ ಕೆಟ್ಟಿತು ಎಂದು ನಾವು ಹೇಳುವಲ್ಲಿ ಅರ್ಧ ಪಾಪ ಈ ಬಟ್ಟಲಿನದು.

"ನಾವು ವಾರ ವಾರ ಒಂದು ಲೀಟರ್ ಹಾಕಿಸುತ್ತಲೇ ಇದ್ದೇವಲ್ಲ, ಆಯಿಲ್ ಸದಾ ಹೊಸದೇ" ಎಂಬುದು ಎರಡನೆಯ ವಾದ. ಕೊಳೆತ ಗಂಜಿಗೆ ಹಿಡಿ ಅನ್ನ ಹಾಕಿದರೆ ಹೊಸ ಊಟವಾಗುತ್ತದೆಯೇ? ಮೇಲಿಂದ ಸುರಿದದ್ದು ಮಟ್ಟವನ್ನು ಏರಿಸುತ್ತದೆ, ಮದ್ದನ್ನು ಸ್ವಲ್ಪ ಕೂಡಿಸುತ್ತದೆ. ಮಸಿಯನ್ನೂ ಲೋಹದ ಪುಡಿಯನ್ನೂ ಹೊರಗೆ ಹಾಕುವುದಿಲ್ಲ. ಫಿಲ್ಟರ್ ಹಳೆಯದೇ ಉಳಿಯುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ಇಂಜಿನ್ ಆಯಿಲಿಲ್ಲದೆ ಸಾಯಬಾರದೆಂದು ಒಂದು ಬೈಪಾಸ್ ವಾಲ್ವ್ ಇಟ್ಟಿರುತ್ತಾರೆ. ಅದು ತೆರೆದುಕೊಂಡು ಸೋಸದ ಆಯಿಲನ್ನೇ ನೇರವಾಗಿ ಬೇರಿಂಗಿಗೆ ಕಳಿಸುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅಷ್ಟೂ ಸಾಲದೆಂಬಂತೆ, ಹಾಕಿಸುವ ಆ ಒಂದು ಲೀಟರ್ ಎಂಥದು? ಬಿಡಿ ಬ್ಯಾರಲ್ಲಿನದು, ಹೆಸರಿಲ್ಲದ್ದು. ಡಬ್ಬಿಯ ಮೇಲೆ 15ಡಬ್ಲ್ಯೂ-40 ಎಂಬ ದಪ್ಪದ ಗುರುತೂ, ಡೀಸೆಲ್ ಇಂಜಿನಿನದೆಂದು ತೋರುವ 'ಸಿ' ಅಕ್ಷರದ ದರ್ಜೆಯೂ, ಅಂದರೆ ಸಿ.ಎಫ್-4, ಸಿ.ಎಚ್-4, ಸಿ.ಐ-4 ಇಂಥದ್ದು, ಇದೆಯೋ ನೋಡಿ. 'ಎಸ್' ಅಕ್ಷರ ಮಾತ್ರ ಇದ್ದರೆ ಅದು ಪೆಟ್ರೋಲ್ ಗಾಡಿಯದು.

ಮೂರನೆಯ ವಾದ ಸ್ವಲ್ಪ ಓದಿದವರದು. ಅದಕ್ಕೆ ಮರ್ಯಾದೆ ಕೊಟ್ಟು ಉತ್ತರಿಸಬೇಕು. ಈಗಿನ ಡೀಸೆಲಿನಲ್ಲಿ ಗಂಧಕ ಬಹಳ ಕಡಿಮೆ, ಆದ್ದರಿಂದ ಆಯಿಲ್ ಹೆಚ್ಚು ಕಾಲ ಬಾಳುತ್ತದೆ ಎನ್ನುತ್ತಾರೆ. ಗಂಧಕದ ಮಾತು ನಿಜ. 2017ರಿಂದ ದೇಶದಾದ್ಯಂತ ಹತ್ತು ಲಕ್ಷ ಭಾಗಕ್ಕೆ 50 ಭಾಗ ಎಂದು ಮಿತಿಯಿಟ್ಟರು. 2020ರ ಏಪ್ರಿಲ್ 1ರಿಂದ ಅದು 10 ಭಾಗಕ್ಕೆ ಇಳಿಯಿತು. ಆಮ್ಲದ ಕಾಟ ತಗ್ಗಿದೆ. ಆದರೆ ಮಸಿ? ಅದು ಹುಟ್ಟುವುದು ಸವೆದ ಇಂಜೆಕ್ಟರಿನಿಂದ, ಕಟ್ಟಿದ ಏರ್ ಕ್ಲೀನರಿನಿಂದ, ಮೀರಿದ ಭಾರದಿಂದ. ಹೊಸ ಡೀಸೆಲ್ ಬಂದ ಮಾತ್ರಕ್ಕೆ ಹಳೆಯ ಇಂಜೆಕ್ಟರ್ ಹೊಸದಾಗಲಿಲ್ಲ.

ಇದೆಲ್ಲ ಡ್ರೈವರ್, ಕ್ಲೀನರ್, ಮಾಲೀಕರ ನಡುವಿನ ವ್ಯವಹಾರ, ಎಲೆ ಕೀಳುವ ಹೆಂಗಸಿಗೆ ಏನು ಎಂದು ಕೇಳುವವರಿದ್ದಾರೆ. ಲಾರಿಯ ಹಿಂದೆ ನಿಲ್ಲುವವರು ಯಾರು? ಹೊಲಕ್ಕೆ ಹೋಗುವಾಗ, ವಾರದ ಸಂತೆಗೆ ಹೋಗುವಾಗ, ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಹೋಗುವಾಗ ಹತ್ತುವುದು ಯಾವ ಗಾಡಿ? (ಸಾಮಾನು ಗಾಡಿಯಲ್ಲಿ ಜನರನ್ನು ತುಂಬುವುದೇ ತಪ್ಪು, ಆ ಜಗಳವನ್ನು ಬೇರೆಯಾಗಿ ಆಡಬೇಕು, ಆಡುತ್ತೇವೆ.) ಇಂಜಿನ್ ಓಡುತ್ತಿದ್ದರೆ ಮಾತ್ರ ಬ್ರೇಕಿನ ಗಾಳಿ ತುಂಬುವ ಕಂಪ್ರೆಸರ್ ತಿರುಗುತ್ತದೆ. ಇಳಿಜಾರಿನಲ್ಲಿ ಬೇರಿಂಗ್ ಹಿಡಿದು ಇಂಜಿನ್ ನಿಂತರೆ, ಟ್ಯಾಂಕಿನಲ್ಲಿ ಉಳಿದ ಗಾಳಿಯಿಂದ ಕೆಲವೇ ಸಲ ಬ್ರೇಕ್ ಒತ್ತಬಹುದು. ಪವರ್ ಸ್ಟೀರಿಂಗ್ ಇದ್ದರೆ ಅದು ಕಲ್ಲಿನಂತಾಗುತ್ತದೆ. ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೆಯ ಗಾಡಿಯಾದರೆ ಗಾಳಿ ಮುಗಿಯಿತೆಂದರೆ ಉಳಿಯುವುದು ಕೈಬ್ರೇಕು ಒಂದೇ. ಅದರ ಸ್ಥಿತಿ ನಿಮಗೇ ಗೊತ್ತು. ಕಲ್ಲಟ್ಟಿ ರಸ್ತೆಯ 36 ತಿರುವುಗಳಿಗೂ ತಾಮರಶ್ಶೇರಿ ಚುರದ 9 ತಿರುವುಗಳಿಗೂ ನಂಬರು ಫಲಕಗಳಿವೆ. ತೋಟದೊಳಗಿನ ನಮ್ಮ ತಿರುವುಗಳಿಗೆ ಫಲಕವೂ ಇಲ್ಲ, ತಡೆಗೋಡೆಯೂ ಇಲ್ಲ.

ಅಪಘಾತದವರೆಗೂ ಹೋಗುವುದು ಬೇಡ. ಲಾರಿ ಕೆಟ್ಟು ನಿಂತ ದಿನ ಕಿತ್ತ ಎಲೆ ಚೀಲದಲ್ಲೇ ಕಾದು ಕೆಂಪಾಗುತ್ತದೆ. ಆ ಎಲೆಯನ್ನು ತೂಕದಿಂದ ಕಳೆದರೆ ನಷ್ಟ ಯಾರ ಚೀಟಿಯಲ್ಲಿ ಬೀಳುತ್ತದೆ? ಮಳೆಯಲ್ಲಿ ತೂಕದ ಶೆಡ್ಡಿನ ಮುಂದೆ ಕತ್ತಲಾಗುವವರೆಗೆ ಕಾದು, ಪಾಡಿಗೆ ಬಂದು ಒಲೆ ಹತ್ತಿಸುವವಳು ಯಾರು?

ಎಫ್.ಸಿ. ಆಗಿದೆ, ಸರಕಾರವೇ ಪಾಸು ಮಾಡಿದೆ ಎಂದು ಬಾಯಿ ಮುಚ್ಚಿಸಲು ನೋಡುತ್ತಾರೆ. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಬೇಕು, ಸರಿ. ಅದು ಆ ದಿನದ ಮಾತು. ಸಂಪಿನೊಳಗಿನ ಆಯಿಲ್ ಎಷ್ಟು ತಿಂಗಳಿನದು ಎಂದು ಆ ಪತ್ರ ಹೇಳುವುದಿಲ್ಲ.

ಈಗ ಕೂಲಿಯ ವಿಷಯ. ನಷ್ಟಕ್ಕೆಂದು ಸಂಬಳ ಹಿಡಿಯಲು ಮಾಲೀಕನಿಗೆ ಬಯಸಿದಂತೆ ಅಧಿಕಾರವಿಲ್ಲ. 1936ರ ವೇತನ ಪಾವತಿ ಕಾಯಿದೆಯ ಕಾಲದಿಂದಲೂ ನಿಯಮ ಇದು: ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತುವಿಗೆ, ಅವನದೇ ಅಲಕ್ಷ್ಯ ಅಥವಾ ತಪ್ಪಿನಿಂದ ನೇರವಾಗಿ ಆದ ನಷ್ಟಕ್ಕೆ ಮಾತ್ರ ಹಿಡಿಯಬಹುದು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಹಿಡಿಯುವ ಮುಂಚೆ ಕಾರಣ ಹೇಳಿಕೊಳ್ಳಲು ಅವನಿಗೆ ಅವಕಾಶ ಕೊಡಲೇಬೇಕು. ಆ ಕಾಯಿದೆಯ ಜಾಗಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಲ್ಲಿಯೂ ಈ ರಕ್ಷಣೆ ಉಳಿದಿದೆ. ಎಲ್ಲ ಕಡಿತವೂ ಸೇರಿ ಆ ಅವಧಿಯ ವೇತನದ ಅರ್ಧವನ್ನು ಮೀರಬಾರದು ಎಂದೂ ಇದೆ. "ಅವನ ತಪ್ಪಿನಿಂದ ನೇರವಾಗಿ" ಎಂಬ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆಯಿಲ್ ಕೊಳ್ಳುವ ಅಧಿಕಾರ ಡ್ರೈವರನಿಗಿಲ್ಲ. ಫಿಲ್ಟರ್ ಕೊಳ್ಳುವ ಅಧಿಕಾರವಿಲ್ಲ. ಕೆಟ್ಟ ಗಾಡಿಯನ್ನು ನಿಲ್ಲಿಸುವ ಅಧಿಕಾರವೂ ಇಲ್ಲ. ನಿಲ್ಲಿಸಿದರೆ ಅವನ ಅಂದಿನ ಹಾಜರಿಯೇ ಹೋಗುತ್ತದೆ. ಅಧಿಕಾರ ಒಬ್ಬರದು, ಅಪರಾಧ ಇನ್ನೊಬ್ಬನದು ಹೇಗಾದೀತು? ಹೊಲ ಕೊಯ್ದವರ ಕೂಲಿಯನ್ನು ತಡೆಹಿಡಿದ ಐಶ್ವರ್ಯವಂತರನ್ನು ಕುರಿತು ಯಾಕೋಬನು ತನ್ನ ಪತ್ರಿಕೆಯಲ್ಲಿ ಏನು ಬರೆದನೆಂದು ತೋಟದ ಮಾಲೀಕರಲ್ಲಿ ಭಾನುವಾರ ನಮ್ಮೊಡನೆ ಕೂಡುವವರು ಬಲ್ಲರು.

ನಮ್ಮವರ ತಪ್ಪನ್ನು ಮುಚ್ಚಿಟ್ಟು ನಾವು ವಾದಿಸುವುದಿಲ್ಲ. ಹೊಸ ಡಬ್ಬಿಯನ್ನು ಪೇಟೆಯಲ್ಲಿ ಮಾರಿ ಬರುವವರು ಇದ್ದಾರೆ. ಚಳಿಯಲ್ಲಿ ಇಂಜಿನ್ ಹತ್ತಿಸಿದ ಕೂಡಲೇ ಆಕ್ಸಿಲೇಟರ್ ತುಳಿದು ಅಬ್ಬರಿಸುವವರಿದ್ದಾರೆ. ಆಯಿಲ್ ಇನ್ನೂ ಮೇಲೆ ಏರಿರುವುದಿಲ್ಲ. ಆಯಿಲ್ ಪ್ರೆಶರ್ ಬಿದ್ದಿದೆ ಎಂದು ಮುಳ್ಳು ತೋರಿಸುತ್ತಿದ್ದರೂ "ಫ್ಯಾಕ್ಟರಿ ಮುಟ್ಟಲಿ" ಎಂದು ಎಳೆಯುವವರಿದ್ದಾರೆ. ಇವರಿಗೆ ನಮ್ಮ ರಕ್ಷಣೆ ಇಲ್ಲ. ಮುಳ್ಳು ಬಿದ್ದರೆ ಅಲ್ಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ಇಳಿಯಿರಿ. ಹಾಜರಿ ಹೋದರೆ ಅದಕ್ಕಾಗಿ ನಾವು ಹೋರಾಡುತ್ತೇವೆ.

ಉಳಿದವರು ದಿನಾ ಬೆಳಗ್ಗೆ ಮಾಡಬೇಕಾದ್ದು ಬಹಳವಿಲ್ಲ. ಸಮತಟ್ಟಾದ ಜಾಗದಲ್ಲಿ, ಇಂಜಿನ್ ಹತ್ತಿಸುವ ಮುಂಚೆ ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ನೋಡಿ. ಮಟ್ಟ ಇಳಿದರೆ ಎಲ್ಲರೂ ಗಾಬರಿಪಡುತ್ತಾರೆ. ಯಾರೂ ಹಾಕದೆ ಮಟ್ಟ ಏರಿದರೆ ಅದು ಇನ್ನೂ ಕೇಡು: ಡೀಸೆಲ್ ಇಳಿಯುತ್ತಿದೆ, ಇಲ್ಲವೇ ನೀರು ಸೇರುತ್ತಿದೆ. ಮೂಸಿದರೆ ಡೀಸೆಲ್ ವಾಸನೆ, ಬೆರಳಲ್ಲಿ ನೀರಿನಂತೆ ತೆಳು, ಎಂದರೆ ಮೊದಲನೆಯದು. ಹಾಲು ಹಾಕಿದ ಕಾಫಿಯ ಬಣ್ಣ ಎಂದರೆ ಎರಡನೆಯದು; ಹೆಡ್ ಗ್ಯಾಸ್ಕೆಟ್ಟೋ ಲೈನರಿನ ರಬ್ಬರ್ ಉಂಗುರವೋ ಹೋಗಿದೆ. ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗ್ ತಿನ್ನುತ್ತಿದೆ, ಆ ಗಾಡಿ ಅಂದು ಹೊರಡಬಾರದು.

ಇನ್ನೊಂದು ಪರೀಕ್ಷೆ ಇದೆ, ಕಾಸು ಖರ್ಚಿಲ್ಲ. ಇಂಜಿನ್ ಬಿಸಿಯಿರುವಾಗ ಡಿಪ್‌ಸ್ಟಿಕ್ಕಿನಿಂದ ಒಂದೇ ತೊಟ್ಟನ್ನು ಒತ್ತುಕಾಗದದ ಮೇಲೆ ಬಿಟ್ಟು, ಮಟ್ಟಸವಾಗಿ ಇಟ್ಟು, ಕೆಲವು ಗಂಟೆ ಬಿಡಿ. ಮಸಿ ನಡುವಿನಿಂದ ಅಂಚಿನವರೆಗೆ ಮೆಲ್ಲಗೆ ತಿಳಿಯಾಗುತ್ತಾ ಹರಡಿದರೆ ಆಯಿಲಿಗೆ ಹೊರುವ ಶಕ್ತಿ ಇನ್ನೂ ಇದೆ. ನಡುವೆ ಡಾಂಬರಿನಂತೆ ಕಪ್ಪು ಬೊಟ್ಟು ನಿಂತು, ಅದರ ಸುತ್ತ ಗೆರೆ ಕೊಯ್ದಂತೆ ಅಂಚು, ಹೊರಗೆ ಬರೀ ಎಣ್ಣೆಯ ಕಲೆ ಉಳಿದರೆ ಆ ಆಯಿಲ್ ಸತ್ತಿದೆ. ಇದು ಪ್ರಯೋಗಶಾಲೆಯ ಪರೀಕ್ಷೆಗೆ ಸಮವಲ್ಲ, ಆದರೆ ಮೇಲ್ವಿಚಾರಕನ ಬೆರಳಿನ ಪರೀಕ್ಷೆಗಿಂತ ಎಷ್ಟೋ ಮೇಲು. ಕಾಗದದ ಮೇಲೆ ತಾರೀಖು ಬರೆದು ಇಟ್ಟುಕೊಳ್ಳಿ. ಕಲೆಗೆ ಭಾಷೆ ಬೇಕಾಗಿಲ್ಲ.

ತೆಗೆದ ಹಳೆಯ ಆಯಿಲನ್ನು ಮನೆಗೆ ತರಬೇಡಿ. ಗೆದ್ದಲಿಗೆ ಬಾಗಿಲಿಗೆ ಬಳಿಯುವುದು, ದನದ ಹುಣ್ಣಿಗೆ ಹಚ್ಚುವುದು, ಹಸಿ ಕಟ್ಟಿಗೆಗೆ ಸುರಿದು ಒಲೆ ಹತ್ತಿಸುವುದು ನಮ್ಮ ಪಾಡಿಗಳಲ್ಲಿ ಮಾಮೂಲಾಗಿದೆ. ಸುಟ್ಟ ಆಯಿಲಿನಲ್ಲಿ ಚರ್ಮಕ್ಕೆ ಕ್ಯಾನ್ಸರ್ ತರಬಲ್ಲ ಪದಾರ್ಥಗಳಿವೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ; ನೋಂದಾಯಿತ ಸಂಸ್ಕರಣೆಗಾರರಿಗೇ ಸೇರಬೇಕಾದದ್ದು. ತೊರೆಗೆ ಸುರಿದರೆ ಕೆಳಗಿನ ಪಾಡಿಯವರು ಕುಡಿಯುವ ನೀರಿಗೇ ಸುರಿದಂತೆ.

ಕಡೆಯದಾಗಿ, ಪ್ರತಿ ಲಾರಿಗೂ ಒಂದು ನೋಟುಪುಸ್ತಕ ಬೇಕೆಂದು ಆಡಳಿತವನ್ನು ಕೇಳಿ. ಕೊಡದಿದ್ದರೆ ಶಾಲೆಯ ಮಕ್ಕಳ ಪುಸ್ತಕವೇ ಸಾಕು. ತಾರೀಖು, ಇಂಜಿನ್ ಓಡಿದ ಗಂಟೆ, ಡಿಪ್‌ಸ್ಟಿಕ್ಕಿನ ಮಟ್ಟ, ಹಾಕಿದ ಲೀಟರ್, ಬದಲಿಸಿದ ಫಿಲ್ಟರ್, ಡ್ರೈವರ್ ಕೇಳಿದ್ದು, ಮೇಲ್ವಿಚಾರಕ ಹೇಳಿದ್ದು, ಇಬ್ಬರ ರುಜು. ಅವನು ರುಜು ಹಾಕದಿದ್ದರೆ "ಹಾಕಲು ಒಪ್ಪಲಿಲ್ಲ" ಎಂದು ಬರೆದು, ಪಕ್ಕದಲ್ಲಿದ್ದ ಇಬ್ಬರ ಹೆಬ್ಬೆಟ್ಟೋ ರುಜುವೋ ಹಾಕಿಸಿ. ಕನ್ನಡದಲ್ಲೇ ಬರೆಯಿರಿ. ನೋಟೀಸು ಬಂದರೆ ಅದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವವರೆಗೆ ಯಾವ ಕಾಗದಕ್ಕೂ ರುಜು ಹಾಕಬೇಡಿ. ಉತ್ತರ ಬರೆಯುವ ದಿನ ಈ ಪುಸ್ತಕವನ್ನೂ ಒತ್ತುಕಾಗದಗಳನ್ನೂ ಜೊತೆಗೆ ತೆಗೆದುಕೊಂಡು ಬನ್ನಿ; ಕೂಟದಲ್ಲಿ ಇಂಗ್ಲಿಷ್, ತಮಿಳು, ಮಲಯಾಳ ಬಲ್ಲವರು ಇದ್ದಾರೆ.